ನಿಮಿಷಕ್ಕೆ ಆರು ಲೀಟರ್ ಗಾಳಿ ಆಡಿದರೂ ಉಸಿರು ಸಾಲದೇ ಹೋಗುವುದು ಹೇಗೆ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನವನು, ದಾವಣಗೆರೆಯಲ್ಲಿ ಆಂಬ್ಯುಲೆನ್ಸ್ ತಂತ್ರಜ್ಞರ ತರಬೇತಿ ಪಡೆಯುತ್ತಿದ್ದೇನೆ. ಒಂದು ಉಸಿರಿನ ಗಾಳಿಯ ಪ್ರಮಾಣವನ್ನು ಉಸಿರಾಟದ ದರದಿಂದ ಗುಣಿಸಿದರೆ ಮಿನಿಟ್ ವಾಲ್ಯೂಮ್ ಸಿಗುತ್ತದೆ, ಅದು ಸುಮಾರು 6 ಲೀಟರ್ ಇದ್ದರೆ ಸಹಜ ಎಂದು ಪುಸ್ತಕದಲ್ಲಿದೆ. ತರಗತಿಯಲ್ಲಿ ನಮಗೆ ಕೊಟ್ಟ ರೋಗಿಯ ಉಸಿರು 200 ಮಿಲಿಲೀಟರ್, ದರ 30. ಗುಣಿಸಿದರೆ 6 ಲೀಟರೇ ಬಂತು. ಆಕ್ಸಿಜನ್ ಹಾಕಿದ ಮೇಲೆ ಆಕ್ಸಿಮೀಟರ್ 96 ತೋರಿಸುತ್ತಿತ್ತು. ಆದರೂ ಶಿಕ್ಷಕರು ‘ಇವರಿಗೆ ಉಸಿರು ಸಾಲುತ್ತಿಲ್ಲ, ಆಂಬು ಬ್ಯಾಗ್ (ಕೈಯಿಂದ ಹಿಸುಕಿ ಉಸಿರು ಕೊಡುವ ಚೀಲ) ತೆಗೆದುಕೊಳ್ಳಿ’ ಎಂದರು. ಇದು ಹೇಗೆ? ಅಲ್ಲದೆ ಓಡುವ ಗಾಡಿಯಲ್ಲಿ ಈ ಮಿಲಿಲೀಟರುಗಳನ್ನು ಅಳೆಯುವುದಾದರೂ ಹೇಗೆ? ದಪ್ಪ ಮೈಯವರಿಗೆ ಹೆಚ್ಚು ಗಾಳಿ ಕೊಡಬೇಕೇ?

ಉತ್ತರ: ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ, ನಿಮ್ಮ ಶಿಕ್ಷಕರು ಹೇಳಿದ್ದೂ ಸರಿಯೇ. ಆ ಸೂತ್ರವು ಒಂದು ನಿಮಿಷದಲ್ಲಿ ಮೂಗು ಬಾಯಿಗಳ ಮೂಲಕ ಎಷ್ಟು ಗಾಳಿ ಒಳಹೊರಗೆ ಆಡಿತು ಎಂಬುದನ್ನಷ್ಟೇ ಹೇಳುತ್ತದೆ; ಆ ಗಾಳಿ ಎಲ್ಲಿಯವರೆಗೆ ಹೋಗಿ ಬಂತು ಎಂಬುದನ್ನು ಹೇಳುವುದಿಲ್ಲ. ರಕ್ತಕ್ಕೂ ಗಾಳಿಗೂ ಕೊಡುಕೊಳ್ಳುವಿಕೆ ನಡೆಯುವುದು ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳಲ್ಲಿ ಮಾತ್ರ. ಮೂಗು, ಗಂಟಲು, ಶ್ವಾಸನಾಳ, ಅದರ ಕವಲುಗಳು ಇವೆಲ್ಲ ಬರೀ ದಾರಿ. ವಯಸ್ಕರಲ್ಲಿ ಈ ದಾರಿಯೇ ಸುಮಾರು 150 ಮಿಲಿಲೀಟರ್ ಗಾಳಿಯನ್ನು ಹಿಡಿದುಕೊಳ್ಳುತ್ತದೆ. ಇದನ್ನೇ ಡೆಡ್ ಸ್ಪೇಸ್ ಎನ್ನುತ್ತಾರೆ.

ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬಿಟ್ಟಾಗ ಮೊದಲು ನಾಲೆ ತುಂಬಬೇಕು, ಆಮೇಲೆ ತೂಬು, ಆಮೇಲೆ ಗದ್ದೆ. ಹತ್ತು ದಿನ ಒಂದೇ ಸಮನೆ ಬಿಟ್ಟ ನೀರು ಕೊನೆಯ ಗದ್ದೆಯನ್ನು ಮುಟ್ಟುತ್ತದೆ. ಅಷ್ಟೇ ನೀರನ್ನು ಇಪ್ಪತ್ತು ಸಲ ಅರ್ಧರ್ಧ ದಿನ ಬಿಟ್ಟರೆ ಪ್ರತಿ ಸಲವೂ ನಾಲೆಯನ್ನು ನೆನೆಸಿ ಅಲ್ಲಿಗೇ ನಿಲ್ಲುತ್ತದೆ. ಜಲಾಶಯದ ಲೆಕ್ಕದಲ್ಲಿ ಬಿಟ್ಟ ನೀರು ಎರಡೂ ಸಲ ಒಂದೇ, ಬೆಳೆಯ ಲೆಕ್ಕದಲ್ಲಿ ಒಂದೇ ಅಲ್ಲ. ಶ್ವಾಸಕೋಶದಲ್ಲಿ ಪರಿಸ್ಥಿತಿ ಇದಕ್ಕಿಂತ ತುಸು ಬಿಗಿ. ಉಸಿರು ಬಿಟ್ಟು ಮುಗಿದಾಗ ದಾರಿಯಲ್ಲಿ ಉಳಿದಿರುವುದು ಗಾಳಿಗೂಡುಗಳಿಂದ ಹೊರಬರುತ್ತಿದ್ದ ಹಳೆಯ ಗಾಳಿ. ಮುಂದಿನ ಉಸಿರನ್ನು ಎಳೆದುಕೊಂಡಾಗ ಗಾಳಿಗೂಡುಗಳಿಗೆ ಮೊದಲು ಮರಳುವುದು ಅದೇ 150 ಮಿಲಿಲೀಟರ್. ನಿಮ್ಮ ತರಗತಿಯ ರೋಗಿ ಎಳೆದುಕೊಂಡ 200ರಲ್ಲಿ ಹೊಸ ಗಾಳಿ ಒಳಗೆ ಮುಟ್ಟಿದ್ದು 50 ಮಿಲಿಲೀಟರ್ ಮಾತ್ರ, ಉಳಿದ ಹೊಸ ಗಾಳಿ ದಾರಿಯಲ್ಲಿಯೇ ನಿಂತು ಹಾಗೆಯೇ ಹೊರಗೆ ಹೋಯಿತು.

ಈಗ ಗುಣಾಕಾರವನ್ನು ಮತ್ತೆ ಮಾಡಿ. ಆರೋಗ್ಯವಂತರೊಬ್ಬರು 500 ಮಿಲಿಲೀಟರಿನಂತೆ ನಿಮಿಷಕ್ಕೆ 12 ಸಲ ಉಸಿರಾಡಿದರೆ ಒಟ್ಟು 6 ಲೀಟರ್. ಪ್ರತಿ ಉಸಿರಿನಿಂದ 150 ಕಳೆದು 350ನ್ನು 12ರಿಂದ ಗುಣಿಸಿದರೆ ಗಾಳಿಗೂಡುಗಳಿಗೆ ಮುಟ್ಟಿದ್ದು 4.2 ಲೀಟರ್. ನಿಮ್ಮ ರೋಗಿಯದೂ ಒಟ್ಟು 6 ಲೀಟರೇ, ಆದರೆ 50ನ್ನು 30ರಿಂದ ಗುಣಿಸಿದರೆ ಸಿಗುವುದು 1.5 ಲೀಟರ್. ನಡುವಿನ ಉದಾಹರಣೆಯೊಂದನ್ನು ತೆಗೆದುಕೊಂಡರೆ, 250 ಮಿಲಿಲೀಟರಿನ ಉಸಿರು 24 ಸಲ ಆಡುವವರಿಗೆ ಮುಟ್ಟುವುದು 2.4 ಲೀಟರ್. ಮೂವರ ಮಿನಿಟ್ ವಾಲ್ಯೂಮ್ ಒಂದೇ. ಒಬ್ಬರು ಆರಾಮಾಗಿದ್ದಾರೆ, ಒಬ್ಬರು ಕಷ್ಟದಲ್ಲಿದ್ದಾರೆ, ಇನ್ನೊಬ್ಬರು ಕೈಬಿಟ್ಟು ಹೋಗುತ್ತಿದ್ದಾರೆ. ಹೀಗೆ ಕಳೆದು ಗುಣಿಸಿ ಬಂದ ಸಂಖ್ಯೆಗೆ ಆಲ್ವಿಯೋಲಾರ್ ವೆಂಟಿಲೇಶನ್ ಎಂದು ಹೆಸರು. ತರಬೇತಿಯಲ್ಲಿ ಒಂದೇ ಒಂದು ಸೂತ್ರವನ್ನು ಉಳಿಸಿಕೊಳ್ಳುವುದಾದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಈ ಅಳತೆಗಳ ಹಿಂದೆ ಉದ್ದದ ಚರಿತ್ರೆಯಿದೆ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ನೀರಿನ ಮೇಲೆ ಮಗುಚಿದ ಪಾತ್ರೆಯೊಳಗೆ ಜನರಿಂದ ಉಸಿರು ಬಿಡಿಸಿ, ಪಾತ್ರೆ ಎಷ್ಟು ಮೇಲೇಳುತ್ತದೆ ಎಂಬುದರಿಂದ ಗಾಳಿಯನ್ನು ಅಳೆಯುವ ಸ್ಪೈರೋಮೀಟರನ್ನು ವಿವರಿಸಿದರು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಅಳೆದು, ಪೂರ್ತಿ ಎಳೆದುಕೊಂಡು ಪೂರ್ತಿ ಬಿಡಬಲ್ಲ ಗಾಳಿಗೆ ವೈಟಲ್ ಕೆಪಾಸಿಟಿ ಎಂದು ಹೆಸರಿಟ್ಟರು. ಎಷ್ಟೇ ಒತ್ತಿ ಬಿಟ್ಟರೂ ಒಳಗೆ ಉಳಿಯುವ ಸುಮಾರು 1200 ಮಿಲಿಲೀಟರನ್ನು ಮಾತ್ರ ಸ್ಪೈರೋಮೀಟರ್ ಅಳೆಯಲಾರದು, ಅದಕ್ಕೆ ಬೇರೆ ವಿಧಾನಗಳು ಬೇಕು. ಡೆಡ್ ಸ್ಪೇಸನ್ನು ಹೊರಬಂದ ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ ಲೆಕ್ಕ ಹಾಕುವ ಸಮೀಕರಣವನ್ನು ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಕ್ರಿಶ್ಚಿಯನ್ ಬೋರ್ 1891ರಲ್ಲಿ ಕೊಟ್ಟರು. ಆಂಬ್ಯುಲೆನ್ಸಿನವರಿಗೆ ಇವುಗಳಲ್ಲಿ ಬೇಕಾದದ್ದು ಬೋರ್ ಹಿಡಿದ ದಾರಿ: ಒಳಗೆ ಗಾಳಿ ಎಷ್ಟು ಮುಟ್ಟಿತು ಎಂಬುದಕ್ಕೆ ಸಾಕ್ಷಿ ಹೇಳುವುದು ಹೊರಬರುವ ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್ ಅಲ್ಲ.

ಇದನ್ನು ಜಗತ್ತಿಗೆ ಮನಗಾಣಿಸಿದ್ದು 1952ರ ಕೋಪನ್‌ಹೇಗನ್. ಅಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಬ್ಲೆಗ್‌ಡಮ್ ಆಸ್ಪತ್ರೆಗೆ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಅವರ ರಕ್ತದಲ್ಲಿ ಒಟ್ಟು ಕಾರ್ಬನ್ ಡೈಆಕ್ಸೈಡ್ ಏರಿದ್ದನ್ನು ಕಂಡ ವೈದ್ಯರು ಅದನ್ನು ರಕ್ತದ ಕ್ಷಾರ ಹೆಚ್ಚಿದ ಲಕ್ಷಣವೆಂದು ಓದಿಕೊಂಡಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಮಾತ್ರ, ಇದು ಗಾಳಿ ಒಳಗೆ ಮುಟ್ಟದೆ ಕಾರ್ಬನ್ ಡೈಆಕ್ಸೈಡ್ ಕಟ್ಟಿಕೊಂಡ ಲಕ್ಷಣ ಎಂದರು. ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆ ಹಾಕಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಕೊಟ್ಟರು, ಆಕೆ ಬದುಕಿದಳು. ಆಮೇಲೆ ತಿಂಗಳುಗಟ್ಟಲೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು, ಹಗಲಿರುಳು ಚೀಲ ಹಿಸುಕಿ ರೋಗಿಗಳನ್ನು ಉಳಿಸಿದರು. ನೀವು ತರಗತಿಯಲ್ಲಿ ಹಿಡಿಯುವ ಆಂಬು ಬ್ಯಾಗ್ ಅದೇ ದಶಕದಲ್ಲಿ, ಅದೇ ಡೆನ್ಮಾರ್ಕಿನಲ್ಲಿ ರೂಪುಗೊಂಡಿತು.

ಇನ್ನು ಆಕ್ಸಿಮೀಟರಿನ 96. ಕೋವಿಡ್ ಬಂದ ಮೇಲೆ ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರ ಹಳ್ಳಿಹಳ್ಳಿಯ ಮನೆಗಳನ್ನು ಸೇರಿತು, ಅದರಿಂದ ಉಪಕಾರವೂ ಆಯಿತು. ಆದರೆ ಅದರ ಜೊತೆಗೆ, ಆ ಸಂಖ್ಯೆ ಚೆನ್ನಾಗಿದ್ದರೆ ಉಸಿರಾಟವೇ ಚೆನ್ನಾಗಿದೆ ಎಂಬ ನಂಬಿಕೆಯೂ ಬೇರೂರಿತು. ಯಂತ್ರ ಅಳೆಯುವುದು ರಕ್ತದ ಹಿಮೋಗ್ಲೋಬಿನ್ ಎಷ್ಟರ ಮಟ್ಟಿಗೆ ಆಕ್ಸಿಜನ್ ಹೊತ್ತಿದೆ ಎಂಬುದನ್ನು, ಗಾಳಿಯಾಡುವುದನ್ನಲ್ಲ. ಗಾಳಿಗೂಡುಗಳಿಗೆ ಮುಟ್ಟುವ ಗಾಳಿ ಅರ್ಧಕ್ಕಿಳಿದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಒತ್ತಡ (ಪಾದರಸದ ಮಿಲಿಮೀಟರಿನಲ್ಲಿ) 40ರಿಂದ 80ಕ್ಕೆ, ಅಂದರೆ ಸರಿಯಾಗಿ ಎರಡು ಪಟ್ಟಿಗೆ ಏರುತ್ತದೆ. ಸಮುದ್ರಮಟ್ಟದ ಲೆಕ್ಕ ಹಿಡಿದರೆ, ಬರಿಯ ಗಾಳಿಯನ್ನು ಉಸಿರಾಡುತ್ತಿರುವವರ ಗಾಳಿಗೂಡಿನ ಆಕ್ಸಿಜನ್ ಒತ್ತಡ ಆಗ 100ರಿಂದ 50ರ ಹತ್ತಿರಕ್ಕೆ ಬೀಳುತ್ತದೆ, ಆಕ್ಸಿಮೀಟರ್ ಕೂಗಿಕೊಳ್ಳುತ್ತದೆ. ಅದೇ ರೋಗಿಗೆ ಶೇಕಡಾ 40ರ ಆಕ್ಸಿಜನ್ ಕೊಟ್ಟರೆ ಆ ಒತ್ತಡ 185ರ ಸುಮಾರಿಗೆ ಏರುತ್ತದೆ, ಆಕ್ಸಿಮೀಟರ್ 98 ತೋರಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಮಾತ್ರ ಇದ್ದಲ್ಲಿಯೇ 80, ಇನ್ನೂ ಏರುತ್ತಲೂ ಇರಬಹುದು. ಆಕ್ಸಿಜನ್ ಕೊಡಬಾರದು ಎಂದು ಇದರ ಅರ್ಥವಲ್ಲ, ಖಂಡಿತ ಕೊಡಬೇಕು. ಕೊಟ್ಟ ಮೇಲೆ ಆ ಸಂಖ್ಯೆಯನ್ನು ಉಸಿರಾಟದ ಅಳತೆ ಎಂದು ಓದಬಾರದು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೆಕ್ಕೆಜೋಳದ ಹೊಲಕ್ಕೆ ತಂದಿಟ್ಟಿದ್ದ ಕೀಟನಾಶಕ ಕುಡಿದ ಯುವಕನೊಬ್ಬನನ್ನು ನೋಡಿಕೊಳ್ಳುತ್ತಿದ್ದೆ. ಮೊದಲ ದಿನದ ಜೊಲ್ಲು, ಬೆವರು ಎಲ್ಲ ನಿಂತಿತ್ತು. ಎರಡನೆಯ ದಿನದ ರಾತ್ರಿ ಅವನ ಉಸಿರಿನ ದರ 28, ಮುಖವಾಡದಲ್ಲಿ ಆಕ್ಸಿಜನ್, ಬೆರಳಿನಲ್ಲಿ 97. ‘ಸ್ಟೇಬಲ್’ ಎಂದು ಕೇಸ್ ಶೀಟಿನಲ್ಲಿ ಬರೆದೆ. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಅವನಿಗೆ ‘ತಲೆ ಎತ್ತಪ್ಪ’ ಎಂದರು. ತಲೆ ದಿಂಬಿನಿಂದ ಮೇಲೇಳಲಿಲ್ಲ, ಕಣ್ಣು ಮಾತ್ರ ಅರ್ಧ ತೆರೆಯಿತು. ಸಿಸ್ಟರ್ ತಮ್ಮ ಅಂಗೈಯನ್ನು ಅವನ ಎದೆಯ ಮೇಲಿಟ್ಟು ನನ್ನ ಕೈಯನ್ನೂ ಅಲ್ಲಿಗೆ ಎಳೆದುಕೊಂಡರು. 28 ಸಲ ಆಡುತ್ತಿದ್ದ ಆ ಎದೆ ಕೈಯನ್ನು ಎತ್ತುತ್ತಲೇ ಇರಲಿಲ್ಲ. ರಕ್ತದಲ್ಲಿನ ಅನಿಲಗಳ ಪರೀಕ್ಷೆ ಮಾಡಿದಾಗ ಕಾರ್ಬನ್ ಡೈಆಕ್ಸೈಡ್ ಎಂಬತ್ತು ದಾಟಿತ್ತು. ಕೂಡಲೇ ಕೊಳವೆ ಹಾಕಿದೆವು, ಹುಡುಗ ಉಳಿದ. ಆರ್ಗನೋಫಾಸ್ಫೇಟ್ ಎಂಬ ಈ ಬಗೆಯ ಕೀಟನಾಶಕದ ವಿಷ ಸೇರಿದವರಲ್ಲಿ ಒಂದರಿಂದ ನಾಲ್ಕು ದಿನಗಳ ನಡುವೆ ಹೀಗೆ ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಸೋಲುವುದುಂಟು. ಹೀಗಾಗಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಇಂಥವರನ್ನು ಸಾಗಿಸುವಾಗ, ಹೊರಡುವ ಮುನ್ನ ತಲೆ ಎತ್ತಿಸಿ ನೋಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಬಿಡದೆ ಹೇಳುತ್ತೇನೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಆಸ್ಪತ್ರೆಯಲ್ಲಾದರೆ ವೆಂಟಿಲೇಟರ್ ಪ್ರತಿ ಉಸಿರನ್ನೂ ಮಿಲಿಲೀಟರಿನಲ್ಲಿ ತೋರಿಸುತ್ತದೆ, ಗಡಿಯಾರದಂತೆ ಮುಳ್ಳು ತಿರುಗುವ ರೆಸ್ಪಿರೋಮೀಟರನ್ನು ಕೊಳವೆಗೆ ಜೋಡಿಸಿಯೂ ಅಳೆಯಬಹುದು. ಗಾಡಿಯಲ್ಲಿ ನಿಮಗಿರುವುದು ಕಣ್ಣು, ಕೈ, ಕೈಗಡಿಯಾರ. ಇವು ಸಣ್ಣ ಸಾಧನಗಳಲ್ಲ, ಆದರೆ ಸರಿಯಾಗಿ ಬಳಸಬೇಕು. ಉಸಿರಾಟದ ದರವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ತನ್ನ ಉಸಿರನ್ನು ಯಾರೋ ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರೇ ಆದರೂ ಬೇರೆ ರೀತಿ ಉಸಿರಾಡುತ್ತಾರೆ. ನಾಡಿ ಹಿಡಿದಂತೆ ಮಣಿಕಟ್ಟು ಹಿಡಿದು, ರೋಗಿಯ ಆ ಕೈಯನ್ನು ಅವರ ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ಎಣಿಸಿದರೆ ದರವೂ ಸಿಗುತ್ತದೆ, ಆಳವೂ ಕೈಗೆ ತಿಳಿಯುತ್ತದೆ. ಎಷ್ಟೋ ಕೇಸ್ ಶೀಟುಗಳಲ್ಲಿ ಬಂದವರೆಲ್ಲರ ಉಸಿರೂ 18 ಅಥವಾ 20 ಎಂದೇ ಇರುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ದೇಹ ಕೆಡುವ ಮೊದಲ ಸುಳಿವು ಬಹಳ ಸಲ ಈ ಸಂಖ್ಯೆಯಲ್ಲಿಯೇ ಇರುತ್ತದೆ. ದರದ ಮುಂದೆ ‘ಆಳ ಕಡಿಮೆ’, ‘ಎದೆ ಏಳುತ್ತಿಲ್ಲ’ ಎಂದು ಒಂದೆರಡು ಪದ ಬರೆಯಿರಿ. ಬರೆಯುವ ಜಾಗ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ.

ಪ್ರಜ್ಞೆಯಿರುವವರಲ್ಲಿ, ಮುಖ್ಯವಾಗಿ ಹಾವು ಕಚ್ಚಿದವರಲ್ಲಿ, ಯಂತ್ರವಿಲ್ಲದ ಒಂದು ಒಳ್ಳೆಯ ಪರೀಕ್ಷೆಯಿದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೇಂಗಾ ಹೊಲದ ಕೆಲಸದಲ್ಲಿ ನಾಗರಹಾವು ಕಚ್ಚಬಹುದು, ನೆಲದ ಮೇಲೆ ಮಲಗಿದ್ದವರನ್ನು ರಾತ್ರಿ ಕಟ್ಟುಹಾವು ಕಚ್ಚಬಹುದು. ಇವೆರಡರ ವಿಷವೂ ಸ್ನಾಯುಗಳನ್ನು ಸೋಲಿಸುತ್ತದೆ, ಮೊದಲು ರೆಪ್ಪೆ ಜೋಲುತ್ತದೆ, ಉಸಿರು ಆಮೇಲೆ. ರೋಗಿಗೆ ದೀರ್ಘವಾಗಿ ಉಸಿರೆಳೆದುಕೊಂಡು, ನಡುವೆ ಉಸಿರು ತೆಗೆದುಕೊಳ್ಳದೆ ಗಟ್ಟಿಯಾಗಿ ಎಣಿಸಲು ಹೇಳಬೇಕು. ಆರೋಗ್ಯವಂತರು ಸೆಕೆಂಡಿಗೆ ಎರಡರಂತೆ ಎಣಿಸಿ ಸಾಮಾನ್ಯವಾಗಿ 40ರ ಆಚೆಗೆ ಹೋಗುತ್ತಾರೆ. ಎಣಿಕೆ 20ರ ಕೆಳಗೆ ಬಂದರೆ ಉಸಿರಾಟದ ಸ್ನಾಯುಗಳು ಸೋಲುತ್ತಿರಬಹುದೆಂದು ತಿಳಿದು ಆಂಬು ಬ್ಯಾಗ್ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಇಲ್ಲಿ ನನ್ನದೊಂದು ಎಚ್ಚರಿಕೆ. ಈ ಅಂಕಿಗಳು ಇಂಗ್ಲಿಷಿನಲ್ಲಿ ಎಣಿಸುವವರನ್ನು ನೋಡಿ ಬರೆದವು. ಕನ್ನಡದಲ್ಲಿ ‘ಇಪ್ಪತ್ತೊಂಬತ್ತು’, ‘ಮೂವತ್ತೆಂಟು’ ಎನ್ನುವುದಕ್ಕೆ ಹಿಡಿಯುವ ಉಸಿರೇ ಬೇರೆ. ಅದಕ್ಕಾಗಿ ನಾನು ಒಂದರಿಂದ ಹತ್ತರವರೆಗೆ ಮತ್ತೆ ಮತ್ತೆ ಎಣಿಸಲು ಹೇಳಿ ಸುತ್ತುಗಳನ್ನು ಲೆಕ್ಕ ಇಟ್ಟುಕೊಳ್ಳುತ್ತೇನೆ. ಒಂದು ಸಲದ ಸಂಖ್ಯೆಗಿಂತ ಇಳಿತ ಮುಖ್ಯ: ಚಳ್ಳಕೆರೆ ಬಿಡುವಾಗ ಮೂರು ಸುತ್ತು ಎಣಿಸಿದವರು ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಒಂದೂವರೆ ಸುತ್ತಿಗೆ ಸುಸ್ತಾದರೆ, ಆಕ್ಸಿಮೀಟರ್ ಏನೇ ತೋರಿಸಲಿ, ಅವರ ಉಸಿರಾಟ ಕುಸಿಯುತ್ತಿದೆ.

ನಿಮ್ಮ ಗಾಡಿಯಲ್ಲಿ ಕ್ಯಾಪ್ನೋಗ್ರಾಫ್, ಅಂದರೆ ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಯಂತ್ರ, ಇದ್ದರೆ ಅದು ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಉಸಿರಿನ ಕೊನೆಯಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ 35ರಿಂದ 45ರ ನಡುವೆ ಇದ್ದರೆ, ರಕ್ತದ ಓಟ ಸರಿಯಿರುವವರಲ್ಲಿ, ಗಾಳಿಗೂಡುಗಳಿಗೆ ಗಾಳಿ ಸಾಲುತ್ತಿದೆ ಎಂದರ್ಥ. ಏರಿದರೆ ಸಾಲುತ್ತಿಲ್ಲ. ಆದರೆ ನಿಮ್ಮ 200 ಮಿಲಿಲೀಟರಿನ ರೋಗಿಯಂಥವರಲ್ಲಿ ಅದೂ ಮೋಸ ಮಾಡಬಹುದು: ಹೊರಬರುವ ಉಸಿರು ಅಷ್ಟು ಚಿಕ್ಕದಾದಾಗ ಗಾಳಿಗೂಡಿನ ಗಾಳಿ ಸಂವೇದಕವನ್ನು ಪೂರ್ತಿ ಮುಟ್ಟುವುದಿಲ್ಲ, ದಾರಿಯ ಗಾಳಿಯೊಂದಿಗೆ ಬೆರೆತು ತೆಳುವಾಗಿ 30 ಎಂದೇ ಕಾಣಿಸಬಹುದು. ಅಲೆಯ ಆಕಾರ ನೋಡಿ. ಮೇಲ್ಭಾಗ ಚಪ್ಪಟೆಯಾಗದೆ ಚೂಪಾಗಿದ್ದರೆ ಸಂಖ್ಯೆಯನ್ನು ನಂಬಬೇಡಿ. ಆಂಬು ಬ್ಯಾಗಿನಿಂದ ಒಂದೆರಡು ತುಂಬು ಉಸಿರು ಕೊಟ್ಟ ಕೂಡಲೇ 30 ಇದ್ದದ್ದು 70ಕ್ಕೆ ಜಿಗಿಯುವುದನ್ನು ನೋಡಿದವರು ಡೆಡ್ ಸ್ಪೇಸನ್ನು ಮತ್ತೆ ಮರೆಯುವುದಿಲ್ಲ.

ಈಗ ಬ್ಯಾಗ್ ಹಿಡಿಯುವ ಕೈಯ ಬಗ್ಗೆ. ಸಾಲದ ಉಸಿರಿನ ಬಗ್ಗೆ ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಗಳು ಎರಡು ಕೈಯಿಂದ ಹಿಸುಕತೊಡಗುತ್ತಾರೆ, ಅದು ಇನ್ನೊಂದು ಅಪಾಯ. ದೊಡ್ಡವರ ಬ್ಯಾಗ್ ಸುಮಾರು ಒಂದೂವರೆ ಲೀಟರ್ ಹಿಡಿಯುತ್ತದೆ, ನಿಮಗೆ ಬೇಕಾದದ್ದು 500ರಿಂದ 600 ಮಿಲಿಲೀಟರ್, ಅಂದರೆ ಒಂದು ಸೆಕೆಂಡಿನಲ್ಲಿ ಒಂದೇ ಕೈಯ ಮೆಲ್ಲನೆಯ ಹಿಸುಕು. ಎದೆ ಏಳುವುದು ಕಂಡ ಕೂಡಲೇ ನಿಲ್ಲಿಸಬೇಕು. ಜೋರಾಗಿ ಹಿಸುಕಿದರೆ ಗಂಟಲಿನ ಒತ್ತಡ ಹೆಚ್ಚಿ ಅನ್ನನಾಳ ತೆರೆದುಕೊಳ್ಳುತ್ತದೆ, ಗಾಳಿ ಹೊಟ್ಟೆ ಸೇರುತ್ತದೆ. ಹೊಟ್ಟೆ ಉಬ್ಬಿ ವಪೆಯನ್ನು ಮೇಲಕ್ಕೆ ಒತ್ತುತ್ತದೆ, ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಬೇಗಬೇಗ ಹಿಸುಕಿದರೆ ಎದೆಯೊಳಗಿನ ಒತ್ತಡ ಇಳಿಯಲು ಬಿಡುವಿಲ್ಲದೆ ಹೃದಯಕ್ಕೆ ರಕ್ತ ಮರಳುವುದೇ ಕಡಿಮೆಯಾಗುತ್ತದೆ. ಅಮೆರಿಕದ ಮಿಲ್ವಾಕೀಯಲ್ಲಿ ಟಾಮ್ ಆಫ್ಡರ್‌ಹೈಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಸಿಬ್ಬಂದಿಯೇ ಹೃದಯ ನಿಂತವರಿಗೆ ನಿಮಿಷಕ್ಕೆ ಸರಾಸರಿ 30 ಉಸಿರು ಕೊಡುತ್ತಿದ್ದುದು ಕಂಡುಬಂತು. ಕೊಳವೆ ಹಾಕಿದ ಮೇಲೆ ಕೊಡಬೇಕಾದದ್ದು ಆರು ಸೆಕೆಂಡಿಗೆ ಒಂದು, ಅಂದರೆ ನಿಮಿಷಕ್ಕೆ 10 ಮಾತ್ರ; ಕೊಳವೆ ಇಲ್ಲದಾಗ ಎದೆಯನ್ನು 30 ಸಲ ಒತ್ತಿ ಎರಡು ಉಸಿರು. ನನ್ನ ತರಗತಿಯಲ್ಲಿ ಬ್ಯಾಗ್ ಹಿಡಿದವರು ‘ಸಾವಿರದ ಒಂದು, ಸಾವಿರದ ಎರಡು’ ಎಂದು ಗಟ್ಟಿಯಾಗಿ ಆರರವರೆಗೆ ಎಣಿಸಿ, ‘ಒಂದು’ ಎಂದಾಗ ಮಾತ್ರ ಹಿಸುಕಬೇಕು. ಎಣಿಸದೆ ಹಿಸುಕುವ ಕೈ ತನ್ನ ಎದೆಬಡಿತದ ವೇಗಕ್ಕೆ ಹೋಗಿಬಿಡುತ್ತದೆ. ಉಬ್ಬಸದವರಿಗೆ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದು ಶ್ವಾಸನಾಳ ಕಿರಿದಾದವರಿಗೆ ಉಸಿರು ಹೊರಬರಲು ಇನ್ನೂ ಹೆಚ್ಚು ಹೊತ್ತು ಬೇಕು, ಅವರಿಗೆ ನಡುವಿನ ಬಿಡುವು ಉದ್ದವಾಗಿರಬೇಕು.

ಕೆಲವು ತರಬೇತಿ ಬೊಂಬೆಗಳಲ್ಲಿ ಸರಿಯಾದ ಪ್ರಮಾಣ ಮುಟ್ಟಿದಾಗ ದೀಪ ಹತ್ತುತ್ತದೆ. ಕೈಗೆ ಅಭ್ಯಾಸವಾಗಲು ಅದು ಉಪಯುಕ್ತ, ಆದರೆ ಮೊದಲ ಕೆಲವು ದಿನಗಳ ಮೇಲೆ ದೀಪದ ಮೇಲೊಂದು ಬಟ್ಟೆ ಹಾಕಿ ಎದೆಯನ್ನೇ ನೋಡಿ ಅಭ್ಯಾಸ ಮಾಡಿ.

ಕೊನೆಯದು ದಪ್ಪ ಮೈಯವರ ಪ್ರಶ್ನೆ. ಹೆಚ್ಚು ಕೊಡಬೇಕಾಗಿಲ್ಲ. ಶ್ವಾಸಕೋಶದ ಗಾತ್ರ ಎತ್ತರವನ್ನು ಅನುಸರಿಸುತ್ತದೆ, ತೂಕವನ್ನಲ್ಲ. ಮೈ ದಪ್ಪವಾದರೆ ಶ್ವಾಸಕೋಶ ಬೆಳೆಯುವುದಿಲ್ಲ. ಗಂಡಸರಿಗೆ ಸೆಂಟಿಮೀಟರಿನಲ್ಲಿರುವ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ 50 ಕೂಡಿಸಿದರೆ ಲೆಕ್ಕಕ್ಕೆ ಹಿಡಿಯಬೇಕಾದ ತೂಕ ಸಿಗುತ್ತದೆ. ಹೆಂಗಸರಿಗೆ 50ರ ಬದಲು 45.5. ಎತ್ತರ 170 ಸೆಂಟಿಮೀಟರ್ ಇರುವ ಗಂಡಸು 66 ಕೆಜಿ ಇರಲಿ, 110 ಕೆಜಿ ಇರಲಿ, ಲೆಕ್ಕ 66ರದೇ. ಕೆಜಿಗೆ 7 ಮಿಲಿಲೀಟರಿನಂತೆ ಒಂದು ಉಸಿರಿಗೆ 460ರ ಸುಮಾರು ಸಾಕು. ದಪ್ಪ ಮೈಯವರ ಎದೆಯ ಮೇಲಿನ ಭಾರದಿಂದ ಅಷ್ಟನ್ನು ಒಳಗೆ ಕಳಿಸುವುದು ಮಾತ್ರ ಕಷ್ಟ. ಅದಕ್ಕೆ ಪರಿಹಾರ ಬ್ಯಾಗನ್ನು ಜೋರಾಗಿ ಹಿಸುಕುವುದಲ್ಲ. ಬೆನ್ನಿಗೂ ತಲೆಗೂ ಬಟ್ಟೆಯ ಮಡಿಕೆ ಕೊಟ್ಟು, ಕಿವಿಯ ತೂತು ಎದೆಮೂಳೆಯ ಮೇಲ್ಮಟ್ಟಕ್ಕೆ ಸರಿಯಾಗಿ ಬರುವಷ್ಟು ಎತ್ತರಿಸಿ. ಒಬ್ಬರು ಎರಡೂ ಕೈಯಿಂದ ಮುಖವಾಡ ಒತ್ತಿ ದವಡೆ ಎತ್ತಿ ಹಿಡಿದು, ಇನ್ನೊಬ್ಬರು ಹಿಸುಕಿದರೆ ಗಾಳಿ ಒಳಗೆ ಹೋಗುತ್ತದೆ.